ಅಮೋನಿಯಾ: ಒಡಲಿನಲ್ಲಿ, ಮನೆಯಲ್ಲಿ

ಶುಚಿಯಿಲ್ಲದ ಮೂತ್ರಾಲಯದ ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ಘಾಟನ್ನು ಅರಿಯದವರಾರು? ಆ ಘಾಟಿಗೆ ಮುಖ್ಯ ಕಾರಣ ಅಮೋನಿಯಾ ಅನಿಲ. ಸಾರಜನಕದ ಒಂದು ಪರಮಾಣುವಿನೊಡನೆ ಜಲಜನಕದ ಮೂರು ಪರಮಾಣುಗಳು ಸೇರಿ ಇದರ ಅಣು ರೂಪುಗೊಳ್ಳುತ್ತದೆ. ಇದು ಗಾಳಿಗಿಂತ ಹಗುರ. ನೀರಿನಲ್ಲಿ ಬಹುಬೇಗ ಕರಗಿ ಕ್ಷಾರಗುಣ ತಾಳುತ್ತದೆ. ಕಣ್ಣು, ಮೂಗು, ಗಂಟಲುಗಳ ತೇವದಲ್ಲಿಯೂ ಇದೇ ಕ್ರಿಯೆ ನಡೆಯುವುದರಿಂದಲೇ ಉರಿಯುಂಟಾಗುವುದು.

ನಮ್ಮ ದೇಹವೂ ನಿತ್ಯ ಅಮೋನಿಯಾವನ್ನು ಉತ್ಪಾದಿಸುತ್ತದೆ. ಪ್ರೋಟೀನುಗಳು ವಿಭಜನೆಗೊಂಡಾಗ ಹುಟ್ಟುವ ಈ ವಿಷವನ್ನು ಯಕೃತ್ತು ಯೂರಿಯಾ ಆಗಿ ಮಾರ್ಪಡಿಸುತ್ತದೆ; ಮೂತ್ರಪಿಂಡಗಳು ಅದನ್ನು ಹೊರಹಾಕುತ್ತವೆ. ಈ ಚಕ್ರವನ್ನು 1932ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಮತ್ತು ಕುರ್ಟ್ ಹೆನ್ಸೆಲೈಟ್ ವಿವರಿಸಿದರು. ಯಕೃತ್ತು ತೀವ್ರವಾಗಿ ಕೆಟ್ಟರೆ ಅಮೋನಿಯಾ ರಕ್ತದಲ್ಲಿ ಸಂಗ್ರಹವಾಗಿ ಮೆದುಳನ್ನು ಬಾಧಿಸುತ್ತದೆ. ಯಕೃತ್ತಿನ ರೋಗಿಯು ಹಗಲು ನಿದ್ರಿಸಿ ರಾತ್ರಿ ಎಚ್ಚರವಿರುವುದು, ಮಾತು ತೊದಲುವುದು, ಮುಂಚಾಚಿದ ಕೈ ಅದುರುವುದು ಇವೆಲ್ಲ ಅದರ ಸೂಚನೆಗಳು. ಮುಪ್ಪಿನ ಲಕ್ಷಣವೆಂದು ಉಪೇಕ್ಷಿಸದೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಇಂಥವರಿಗೆ ಮಲಬದ್ಧತೆಯೂ ಅಪಾಯಕರ. ಕರುಳಿನಲ್ಲಿ ಹುಟ್ಟಿದ ಅಮೋನಿಯಾ ಆಗ ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ.

ಅಮೋನಿಯಾದ ದಾಯಾದಿ ಹೈಡ್ರಜೀನ್. ಇದರ ಅಣುವಿನಲ್ಲಿ ಸಾರಜನಕದ ಎರಡು, ಜಲಜನಕದ ನಾಲ್ಕು ಪರಮಾಣುಗಳಿವೆ. ನೀರಿನಂತೆ ಕಾಣುವ ಈ ದ್ರವ ಉಗ್ರವಿಷ, ರಾಕೆಟ್ಟುಗಳಿಗೆ ಇಂಧನ. ವಿಚಿತ್ರವೆಂದರೆ, 1952ರಿಂದ ಕ್ಷಯರೋಗಿಗಳ ಪ್ರಾಣ ಉಳಿಸುತ್ತ ಬಂದಿರುವ ಐಸೋನಯಾಜಿಡ್ ಎಂಬ ಔಷಧವೂ ಇದೇ ವಂಶಕ್ಕೆ ಸೇರಿದ್ದು! ಅಂಗೈ ಅಂಗಾಲುಗಳು ಜೋಮು ಹಿಡಿಯದಿರಲೆಂದು ವೈದ್ಯರು ಇದರೊಡನೆ ಬಿ6 ಜೀವಸತ್ವವನ್ನು ಕೊಡುವುದುಂಟು.

ಇನ್ನು ಗೃಹಿಣಿಯರಿಗೊಂದು ಮಾತು. ಬ್ಲೀಚಿಂಗ್ ಪುಡಿ ಅಥವಾ ದ್ರಾವಣವನ್ನು ಅಮೋನಿಯಾ ಇರುವ ಶುಚಿಕಾರಕಗಳೊಡನೆ ಎಂದಿಗೂ ಬೆರೆಸಬಾರದು. ಅಮೋನಿಯಾದ ಜಲಜನಕದ ಸ್ಥಾನವನ್ನು ಕ್ಲೋರಿನ್ ಆಕ್ರಮಿಸಿ, ಶ್ವಾಸಕೋಶಗಳಿಗೆ ಹಾನಿಕರವಾದ ಕ್ಲೋರಮೀನ್ ಅನಿಲ ಹುಟ್ಟುತ್ತದೆ. ಎರಡು ಬೆರೆತರೆ ಕೊಳೆ ಬೇಗ ಹೋಗುವುದೆಂಬುದು ಭ್ರಮೆ. ಗಾಳಿಯಾಡದ ಸಣ್ಣ ಸ್ನಾನಗೃಹಗಳಲ್ಲಂತೂ ಅಪಾಯ ಇಮ್ಮಡಿ.

ಅಕಸ್ಮಾತ್ ಹೀಗಾದರೆ ಒಡನೆಯೇ ಹೊರಗೆ ಶುದ್ಧ ಗಾಳಿಗೆ ಬನ್ನಿ. ಕಣ್ಣಿಗೆ ಸಿಡಿದಿದ್ದರೆ ಕನಿಷ್ಠ 15 ನಿಮಿಷ ಧಾರಾಳವಾಗಿ ನೀರಿನಿಂದ ತೊಳೆಯಿರಿ. ಕೆಮ್ಮು, ಉಬ್ಬಸ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಲು ತಡಮಾಡಬೇಡಿ. ಶುಚಿತ್ವವು ಆರೋಗ್ಯಕ್ಕಾಗಿ, ಅದರ ಸಾಧನವೇ ರೋಗಕ್ಕೆ ಕಾರಣವಾಗದಿರಲಿ.