ಹೊಸೂರ, ಏಣಗಿ ಮತ್ತು ನಾಟಕದ ಪದ

ಸವದತ್ತಿ ಸೀಮೆಯ ಗುರ್ಲಹೊಸೂರ ಎಂದರೆ ತಿಳಿದವರಿಗೆ ಮೊದಲು ನೆನಪಾಗುವುದು ಕಬ್ಬಿಣದ ನೇಗಿಲು. ಆ ನೇಗಿಲು ತಯಾರಿಸಿದ ಕಿರ್ಲೋಸ್ಕರ ಕಾರ್ಖಾನೆ ಕಟ್ಟಿದ ಲಕ್ಷ್ಮಣರಾಯರು 1869ರಲ್ಲಿ ಹುಟ್ಟಿದ್ದು ಇಲ್ಲಿಯೇ. ಅವರಿಗಿಂತ 26 ವರ್ಷ ಮೊದಲು, 1843ರಲ್ಲಿ, ಇದೇ ಊರಲ್ಲಿ ಇನ್ನೊಬ್ಬ ಕಿರ್ಲೋಸ್ಕರರು ಹುಟ್ಟಿದ್ದರು. ಅವರು ಬಳವಂತ ಪಾಂಡುರಂಗ; ಜನ ಕರೆದದ್ದು ಅಣ್ಣಾಸಾಹೇಬ ಎಂದು. ಮರಾಠಿ ಸಂಗೀತ ನಾಟಕದ ಚರಿತ್ರೆ ಇವರ ಹೆಸರಿನಿಂದಲೇ ಶುರುವಾಗುತ್ತದೆ. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಇವರ ‘ಸಂಗೀತ ಶಾಕುಂತಲ’ ರಂಗಕ್ಕೆ ಬಂತು. ಅಲ್ಲಿಯವರೆಗೆ ಹಾಡುವ ಕೆಲಸವೆಲ್ಲ ಸೂತ್ರಧಾರನದು, ಕುಣಿಯುವುದು ಮಾತಾಡುವುದು ಪಾತ್ರಧಾರಿಯದು. ಅಣ್ಣಾಸಾಹೇಬರು ಹಾಡನ್ನು ಪಾತ್ರದ ಬಾಯಿಗೇ ಕೊಟ್ಟರು. ಧಾಟಿಗಳನ್ನು ಹುಡುಕುವಾಗ ಹುಟ್ಟೂರ ಕಡೆಯ ಕನ್ನಡ ಮಟ್ಟುಗಳನ್ನೂ ಬಿಡಲಿಲ್ಲ.

ಅದೇ ಸೀಮೆಯ ಏಣಗಿಯಲ್ಲಿ 1914ರಲ್ಲಿ ಒಕ್ಕಲುತನದ ಮನೆಯಲ್ಲಿ ಬಾಳಪ್ಪ ಹುಟ್ಟಿದರು. ಹುಡುಗನಾಗಿ ಕಂಪನಿ ಸೇರಿ, ಹೆಣ್ಣು ಪಾರ್ಟು ಮಾಡಿ, ಮುಂದೆ ನಾಯಕನಾಗಿ, ಕಡೆಗೆ ‘ಕಲಾವೈಭವ ನಾಟ್ಯಸಂಘ’ದ ಮಾಲೀಕರೂ ಆದರು. 2017ರ ಆಗಸ್ಟ್ 18ರಂದು ತೀರಿಕೊಂಡಾಗ ಅವರಿಗೆ 103 ವರ್ಷ.

ಈ ಎರಡು ಊರುಗಳ ಕಥೆ ಸರಿಯಾಗಿ ತಿಳಿಯಬೇಕಾದರೆ ಒಮ್ಮೆ ನ್ಯೂಯಾರ್ಕಿಗೆ ಹೋಗಿಬರಬೇಕು. ಅಲ್ಲಿನ ಬ್ರಾಡ್‌ವೇ ಬೀದಿಯ ರಂಗಮಂದಿರಗಳಿಗೂ ನಮ್ಮ ಕಂಪನಿ ನಾಟಕಗಳಿಗೂ ಒಂದು ಸಾಮ್ಯವಿದೆ: ಎರಡೂ ಕಡೆ ಜನ ಟಿಕೆಟ್ ತೆಗೆಸುತ್ತಿದ್ದದ್ದು ಕಥೆಗಿಂತ ಹೆಚ್ಚಾಗಿ ಹಾಡಿಗೆ. 1920ರಿಂದ 1950ರ ತನಕ ಕೋಲ್ ಪೋರ್ಟರ್, ಇರ್ವಿಂಗ್ ಬರ್ಲಿನ್, ಜೆರೋಮ್ ಕರ್ನ್, ಗರ್ಶ್‌ವಿನ್ ಸಹೋದರರು ನಾಟಕಗಳಿಗೂ ಸಿನಿಮಾಗಳಿಗೂ ನೂರಾರು ಹಾಡು ಕಟ್ಟಿದರು. ಹಾಡುಗಳ ಹಂದರ ಸರಳ. ಒಂದು ಧಾಟಿ ಎರಡು ಸಲ, ನಡುವೆ ಬೇರೊಂದು ಧಾಟಿ, ಮತ್ತೆ ಮೊದಲನೆಯದು, ಅಷ್ಟೆ. ನಾಟಕಗಳು ಬಹುಪಾಲು ಮೂಲೆ ಸೇರಿದವು. ಜಾರ್ಜ್ ಗರ್ಶ್‌ವಿನ್ನರ ‘ಪೋರ್ಗಿ ಅಂಡ್ ಬೆಸ್’ 1935ರಲ್ಲಿ ಬಂದು 124 ಪ್ರಯೋಗಕ್ಕೇ ನಿಂತು, ಹಾಕಿದ ದುಡ್ಡನ್ನೂ ಮುಳುಗಿಸಿತು. ಅದರೊಳಗಿನ ‘ಸಮ್ಮರ್‌ಟೈಮ್’ ಜೋಗುಳವನ್ನು ಮಾತ್ರ ಅಂದಿನಿಂದ ಇಂದಿನವರೆಗೆ ಹಾಡುವವರಿಗೆ ಬರವಿಲ್ಲ.

ಹೀಗೆ ನಾಟಕದಿಂದ ಬಿಡಿಸಿಕೊಂಡ ಹಾಡುಗಳಿಗೆ ಗಟ್ಟಿ ನೆಲೆ ಒದಗಿಸಿದವಳು ಎಲ್ಲಾ ಫಿಟ್ಜ್‌ಜೆರಾಲ್ಡ್. 1917ರಲ್ಲಿ ಹುಟ್ಟಿದ ಈ ಕಪ್ಪು ಹುಡುಗಿ 1934ರಲ್ಲಿ ಹಾರ್ಲೆಮ್‌ನ ಅಪೊಲೊ ಥಿಯೇಟರಿನ ಸ್ಪರ್ಧೆಗೆ ಕುಣಿಯಲೆಂದು ಹೋಗಿ, ಮುಂಚೆ ಕುಣಿದವರನ್ನು ಕಂಡು ಎದೆಗುಂದಿ, ಹಾಡಿ ಗೆದ್ದು ಬಂದವಳು. 1956ರಲ್ಲಿ ನಾರ್ಮನ್ ಗ್ರಾನ್ಜ್ ಎಂಬಾತ ವರ್ವ್ ಎಂಬ ರೆಕಾರ್ಡ್ ಕಂಪನಿ ತೆಗೆದು, ಇವಳಿಂದ ಕೋಲ್ ಪೋರ್ಟರನ ಹಾಡುಗಳನ್ನಷ್ಟೇ ಹಾಡಿಸಿ ಒಂದು ಸಂಪುಟ ಹೊರಡಿಸಿದ. ಅದು ಖರ್ಚಾಯಿತು. 1964ರ ಹೊತ್ತಿಗೆ ಇಂಥ ಎಂಟು ‘ಸಾಂಗ್ ಬುಕ್’ಗಳು ಬಂದಿದ್ದವು. 1959ರ ಗರ್ಶ್‌ವಿನ್ ಸಂಪುಟ ಒಂದರಲ್ಲೇ ಐದು ಎಲ್‌ಪಿ, 53 ಹಾಡು.

ಗಮನಿಸಬೇಕಾದದ್ದು ಸಂಪುಟಗಳ ಹೆಸರನ್ನು. ಹಾಡಿದವಳ ಹೆಸರಿನ ಜೊತೆಯಲ್ಲೇ ಹಾಡು ಕಟ್ಟಿದವನ ಹೆಸರೂ ತಟ್ಟೆಯ ನೆತ್ತಿಯ ಮೇಲಿತ್ತು. ಒಂದೇ ಕೊರಳು, ಎಂಟು ಬಗೆಯ ಕಸುಬುಗಾರಿಕೆ. ಕೇಳುಗನಿಗೆ ಪೋರ್ಟರನ ಕೊಂಕು ಯಾವುದು, ಬರ್ಲಿನ್ನನ ಸರಳತೆ ಯಾವುದು ಎಂಬುದು ಬೇರೆಬೇರೆಯಾಗಿ ತಿಳಿಯತೊಡಗಿತು. ರಂಗದ ಹಾಡಿಗೆ ಗ್ರಂಥದ ಮರ್ಯಾದೆ ಬಂದದ್ದು ಹೀಗೆ.

ಮತ್ತೆ ಸವದತ್ತಿಗೆ. ಅಣ್ಣಾಸಾಹೇಬರು ತೀರಿಕೊಂಡದ್ದು 1885ರಲ್ಲಿ. ಅವರು ಕಟ್ಟಿದ ನಾಟಕ ಮಂಡಳಿ ಮುಂದುವರಿಯಿತು. 1905ರಲ್ಲಿ ಅದಕ್ಕೆ ನಾರಾಯಣರಾವ್ ರಾಜಹಂಸ ಬಂದು ಸೇರಿದರು. ಅವರೇ ಬಾಲಗಂಧರ್ವರು. ಅವರ ಪದಗಳು 78 ಆರ್‌ಪಿಎಂ ತಟ್ಟೆಗಳಲ್ಲಿ ಮನೆಮನೆಗೆ ಹೋದವು. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷದ ಆಸುಪಾಸು. ರಂಗದ ಮೇಲೆ ವನ್ಸ್‌ಮೋರ್ ಬಿದ್ದಷ್ಟೂ ಬೆಳೆಯುತ್ತಿದ್ದ ಪದ ಅಷ್ಟರೊಳಗೆ ಮೈ ಮುದುಡಿಕೊಳ್ಳಬೇಕು. ಮುದುಡಿಕೊಂಡಿತು, ಆದರೆ ಉಳಿಯಿತು. ಮುಂದೆ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರಯ್ಯ ಕೋಂಕಳಿಮಠ, ಅಂದರೆ ಕುಮಾರ ಗಂಧರ್ವರು, ಬಾಲಗಂಧರ್ವರ ಪದಗಳನ್ನೇ ಎತ್ತಿಕೊಂಡು ತಮಗೆ ಕಂಡಂತೆ ಹಾಡಿ ‘ಮಲಾ ಉಮಜಲೇಲೆ ಬಾಲಗಂಧರ್ವ’ ಎಂದು ಮುದ್ರಿಸಿದರು. ಎಲ್ಲಾಳ ಸಾಂಗ್ ಬುಕ್ಕಿಗೆ ನಮ್ಮ ಸೀಮೆಯಿಂದ ಯಾವುದಾದರೂ ಸಾಟಿಯಿದ್ದರೆ ಇದೇ. ಸೋಜಿಗವೆಂದರೆ ಬೇರೂರಿದ್ದು ಗುರ್ಲಹೊಸೂರಿನಲ್ಲಿ, ಹಾಡಿದವರು ಸುಳೇಭಾವಿಯವರು, ಪದ ಮಾತ್ರ ಮರಾಠಿಯದು.

ಕನ್ನಡ ಕಂಪನಿಗಳಿಗೆ ಹಾಡಿನ ಬಡತನವೇನೂ ಇರಲಿಲ್ಲ. ಗದಗಿನ ಶಾಂತಕವಿಗಳು ಮರಾಠಿ ನಾಟಕಗಳ ಅಬ್ಬರಕ್ಕೆ ಎದುರಾಗಿ ಕನ್ನಡದ ಮಂಡಳಿ ಕಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿಯೇ. ಆಮೇಲೆ ಗರುಡ ಸದಾಶಿವರಾಯರು ಬಂದರು, ವಾಮನರಾವ್ ಮಾಸ್ತರರು ಬಂದರು. ಮಲ್ಲಿಕಾರ್ಜುನ ಮನಸೂರರಂಥವರೂ ಬಾಲನಟರಾಗಿ ವಾಮನರಾಯರ ಕಂಪನಿಯಲ್ಲಿ ಹಾಡಿದವರು. ಬೀಳಗಿಯ ಅಕ್ಕತಂಗಿಯರಾದ ಗೋಹರಬಾಯಿ, ಅಮೀರಬಾಯಿ ಕರ್ನಾಟಕಿ ಇದೇ ನಾಟಕದ ಅಂಗಳದಿಂದ ಹೊರಟರು. ಅಮೀರಬಾಯಿ 1943ರ ‘ಕಿಸ್ಮತ್’ ಸಿನಿಮಾದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದರು.

ರಾಮದುರ್ಗದ ಮಂದಿಗೆ ಬಾದಾಮಿ ಬನಶಂಕರಿ ಜಾತ್ರೆ ದೂರವೇನಲ್ಲ. ಒಂದೇ ಬಯಲಿನಲ್ಲಿ ಹಲವು ಕಂಪನಿಗಳು ಡೇರೆ ಹಾಕಿ ರಾತ್ರಿ ಬೆಳಗು ಆಡುವ ಆ ಜಾತ್ರೆಯಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರನ ಕೈಚಳಕದ ಮೇಲೂ ಟಿಕೆಟ್ ಹರಿಯುತ್ತಿತ್ತು. ಸತ್ತು ಬಿದ್ದ ಪಾತ್ರ ವನ್ಸ್‌ಮೋರ್ ಕೂಗಿಗೆ ಎದ್ದು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸತ್ತ ಕಥೆಗಳು ಹಳೆಯ ಕಲಾವಿದರ ಬಾಯಲ್ಲಿ ಇಂದಿಗೂ ಇವೆ.

ಏಣಗಿ ಬಾಳಪ್ಪನವರು ಬೆಳೆದದ್ದು ಮೈಕಿಲ್ಲದ ಈ ರಂಗದ ಮೇಲೆ. 1925ರ ಸುಮಾರಿಗೆ ಅಮೆರಿಕದಲ್ಲಿ ವಿದ್ಯುತ್ ಮೈಕಿನ ಮುದ್ರಣ ಬಂದ ಮೇಲೆ ಹಾಡಿಕೆಯ ಗುಣವೇ ಬದಲಾಯಿತು. ಬಿಂಗ್ ಕ್ರಾಸ್ಬಿ, ಆಮೇಲೆ ಫ್ರಾಂಕ್ ಸಿನಾತ್ರಾ ಕೇಳುಗನ ಕಿವಿಯ ಹತ್ತಿರ ಕುಳಿತು ಮಾತಾಡಿದ ಹಾಗೆ ಹಾಡಿದರು. ಬಾಳಪ್ಪನವರದು ಅದಕ್ಕೆ ತೀರ ಎದುರು. ಏರುಶ್ರುತಿ, ಡೇರೆಯ ಕಡೆಯ ಸಾಲಿನ ನೆಲದ ಗಿರಾಕಿಗೂ ಅಕ್ಷರ ಅಕ್ಷರ ಮುಟ್ಟಬೇಕು ಎಂಬ ಹಟ. ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಅವರು ಬಸವಣ್ಣನಾಗಿ ವಚನ ಹಾಡುವುದನ್ನು ಕೇಳಲೆಂದೇ ಜನ ಬಂಡಿ ಹೂಡಿಕೊಂಡು ಬರುತ್ತಿದ್ದರು. ತೊಂಬತ್ತು ದಾಟಿದ ಮೇಲೂ ವೇದಿಕೆ ಸಿಕ್ಕರೆ ರಂಗಗೀತೆ ಹಾಡಿಯೇ ಇಳಿಯುತ್ತಿದ್ದರು. ಅವರ ಆತ್ಮಕಥನವನ್ನು ಗಣೇಶ ಅಮೀನಗಡ ಅವರು ‘ಬಣ್ಣದ ಬದುಕಿನ ಚಿನ್ನದ ದಿನಗಳು’ ಎಂಬ ಹೆಸರಿನಲ್ಲಿ ಬರೆದುಕೊಂಡದ್ದರಿಂದ ಕಂಪನಿಯ ಆ ಕಾಲ ಪುಸ್ತಕದಲ್ಲಾದರೂ ನಿಂತಿತು.

ಹಾಡಿನ ಮಾತು ಬೇರೆ. ಕಂಪನಿಯ ಪದಕ್ಕೆ ಕವಿ ಒಬ್ಬ, ಧಾಟಿ ಕೂಡಿಸಿದ ಪೇಟಿ ಮಾಸ್ತರ ಒಬ್ಬ. ಇವರಿಬ್ಬರ ಹೆಸರೂ ಹಾಡಿನ ಜೊತೆ ಉಳಿದದ್ದು ಅಪರೂಪ. ಧಾಟಿ ಎಷ್ಟೋ ಸಲ ಮರಾಠಿ ಪದದಿಂದ ತಂದದ್ದು, ಆಮೇಲೆ ಹಿಂದಿ ಸಿನಿಮಾದಿಂದ ಎತ್ತಿದ್ದು. ಹಾಗಾಗಿ ಹೆಸರು ಹಾಕಿಕೊಳ್ಳಲು ಸಂಕೋಚವೂ ಇದ್ದೀತು. ಹಳೇ ಮೈಸೂರಿನ ಕಡೆ ಗುಬ್ಬಿ ಕಂಪನಿಯ ಪದಗಳಿಗೆ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರ ಕೊರಳು ದೊರೆಯಿತು. ಬೆಳಗಾವಿ ಸೀಮೆಯ ಪದಗಳಿಗೆ ಅಂಥ ಅದೃಷ್ಟ ಅಷ್ಟಾಗಿ ಒದಗಲಿಲ್ಲ ಎಂದೇ ಹೇಳಬೇಕು.

ಆಶ್ಚರ್ಯವೆಂದರೆ ಕಂಪನಿಗೂ ಹಿಂದಿನ ಹಾಡುಗಳು ಇದಕ್ಕಿಂತ ಚೆನ್ನಾಗಿ ಬದುಕಿವೆ. ಕಿತ್ತೂರಿನ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಅವರ ಮೇಲಿನ ಲಾವಣಿಗಳು ಅಕ್ಷರ ಬಾರದವರ ಬಾಯಲ್ಲೇ ಬೆಳೆದವು. 1885ರಿಂದ ಶಾಸನ ಪಂಡಿತ ಜೆ. ಎಫ್. ಫ್ಲೀಟ್ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಈ ಕಡೆಯ ಲಾವಣಿಗಳನ್ನು ಅಚ್ಚು ಹಾಕಿಸಿದಾಗ ರಾಯಣ್ಣನ ಬಂಡಾಯವೂ ಹಲಗಲಿ ಬೇಡರ ಕಾಳಗವೂ ಸಂಗ್ಯಾನ ಕೊಲೆಯೂ ಅದರಲ್ಲಿದ್ದವು. ಸಂಗ್ಯಾನ ಗೆಳೆಯ ಬಾಳ್ಯಾನ ಮೋಸ, ಅವನು ಮನಸೋತ ಗಂಗಿಯ ಗಂಡ ಈರಣ್ಣನ ಸೇಡು: ಬೈಲಹೊಂಗಲದ ಆ ಕಥೆ ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಗಿ ಊರೂರು ತಿರುಗಿತು. ಚಂದ್ರಶೇಖರ ಕಂಬಾರರು ಅದನ್ನು ಹೊಸದಾಗಿ ರಂಗಕ್ಕೆ ತಂದರು. 1992ರಲ್ಲಿ ಸುಂದರಕೃಷ್ಣ ಅರಸ್ ಸಿನಿಮಾ ಮಾಡಿದರು. ಬರೆದಿಟ್ಟವರು, ಎತ್ತಿ ಹಾಡಿದವರು ಇಬ್ಬರೂ ಸಿಕ್ಕಿದ್ದೇ ಅದರ ಪುಣ್ಯ.

ಕಂಪನಿ ಪದಗಳಿಗೂ ಇದು ಆಗದ ಕೆಲಸವಲ್ಲ. ನಾಟಕದ ಡೇರೆಯ ಬಾಗಿಲಲ್ಲಿ ಮಾರುತ್ತಿದ್ದ ಪದಗಳ ಕಿರುಹೊತ್ತಿಗೆಗಳು ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ಕಡೆಯ ಹಳೆಯ ಮನೆಗಳ ಅಟ್ಟದ ಮೇಲೆ ಇನ್ನೂ ಇರಬಹುದು. ಅವುಗಳ ಧಾಟಿ ಬಲ್ಲ ಪೇಟಿ ಮಾಸ್ತರರಲ್ಲಿ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಹೊತ್ತಿಗೆ ಸಿಕ್ಕವರು ಅದನ್ನು ರದ್ದಿಗೆ ಹಾಕಬೇಡಿ. ಮಾಸ್ತರರು ಸಿಕ್ಕರೆ ಎದುರು ಕೂಡ್ರಿಸಿಕೊಂಡು ಮೊಬೈಲಿನಲ್ಲಾದರೂ ಹಾಡಿಸಿಕೊಳ್ಳಿ. ಪದ ಯಾವ ನಾಟಕದ್ದು, ಬರೆದವರು ಯಾರು, ಧಾಟಿ ಕೂಡಿಸಿದವರು ಯಾರು ಎಂದು ಕೇಳಿ, ಆ ಮೂರು ಹೆಸರನ್ನು ಜೊತೆಗೇ ಬರೆದಿಡಿ.