ಕಲನಶಾಸ್ತ್ರದ ಬೋಧನೆಯೂ ವಿದ್ಯಾರ್ಥಿಗಳ ಅಭಿಪ್ರಾಯವೂ

ವಿಶ್ವವಿದ್ಯಾಲಯಗಳಲ್ಲಿ ಒಂದು ಸೆಮಿಸ್ಟರು ಮುಗಿಯುವ ವೇಳೆಗೆ ವಿದ್ಯಾರ್ಥಿಗಳ ಮುಂದೆ ಒಂದು ಪ್ರಶ್ನಾವಳಿ ಬರುತ್ತದೆ. ಅಧ್ಯಾಪಕರು ವಿಷಯವನ್ನು ಸ್ಪಷ್ಟವಾಗಿ ವಿವರಿಸಿದರೇ, ಕಾಲಕ್ಕೆ ಸರಿಯಾಗಿ ತರಗತಿಗೆ ಬಂದರೇ, ಸಂದೇಹಗಳಿಗೆ ಉತ್ತರ ಕೊಟ್ಟರೇ, ಒಟ್ಟಿನಲ್ಲಿ ಅವರ ಬೋಧನೆ ಹೇಗಿತ್ತು ಎಂಬ ಪ್ರಶ್ನೆಗಳಿಗೆ ಒಂದರಿಂದ ಐದರವರೆಗಿನ ಅಂಕಿಗಳಲ್ಲಿ ಉತ್ತರ ಕೊಡಬೇಕು. ಈ ಅಂಕಿಗಳ ಸರಾಸರಿಯನ್ನು ತೆಗೆದು ಅಧ್ಯಾಪಕರ ಹೆಸರಿನ ಮುಂದೆ ಬರೆಯಲಾಗುತ್ತದೆ. ಎಷ್ಟೋ ಸಂಸ್ಥೆಗಳಲ್ಲಿ ಅವರ ಬಡ್ತಿಯನ್ನೂ, ತಾತ್ಕಾಲಿಕವಾಗಿ ನೇಮಕಗೊಂಡವರಾದರೆ ಅವರ ಮುಂದಿನ ವರ್ಷದ ಕೆಲಸವನ್ನೂ ನಿರ್ಧರಿಸುವಾಗ ಈ ಸಂಖ್ಯೆಯನ್ನು ನೋಡುತ್ತಾರೆ. ಆದುದರಿಂದ ಈ ಸಂಖ್ಯೆ ಯಾವುದನ್ನು ಅಳೆಯುತ್ತದೆ, ಯಾವುದನ್ನು ಅಳೆಯಲಾರದು ಎಂಬುದನ್ನು ವಿಚಾರಮಾಡುವುದು ಅಗತ್ಯ. ಈ ವಿಚಾರಕ್ಕೆ ಕಲನಶಾಸ್ತ್ರದ ತರಗತಿಯಷ್ಟು ಅನುಕೂಲವಾದ ಉದಾಹರಣೆ ಬೇರೊಂದಿಲ್ಲ. ಇಂಜಿನಿಯರಿಂಗ್, ಭೌತವಿಜ್ಞಾನ, ಅರ್ಥಶಾಸ್ತ್ರಗಳಿಗೆ ಹೋಗುವವರೆಲ್ಲರೂ ಮೊದಲ ವರ್ಷದಲ್ಲಿಯೇ ಇದನ್ನು ಕಲಿಯಬೇಕು. ಕಲಿತುದರ ಪ್ರಯೋಜನ ಮಾತ್ರ ಎರಡನೆಯ ಮೂರನೆಯ ವರ್ಷಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಅಧ್ಯಾಪಕರ ಯೋಗ್ಯತೆಯನ್ನು ಅಳೆಯಲು ಚೆನ್ನೈಯಲ್ಲಿ ಹಿಂದೆ ಇದ್ದ ಸಾಧನ ಬೇರೆ. 1857ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾಲಯವು ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಮೊದಲಿಗೆ ಪರೀಕ್ಷೆ ನಡೆಸುವ ಸಂಸ್ಥೆಯಾಗಿಯೇ ಇದ್ದಿತು. ಪಾಠ ಹೇಳುವುದು ಕಾಲೇಜಿನ ಕೆಲಸ, ಪ್ರಶ್ನೆ ಕೇಳುವುದು ವಿಶ್ವವಿದ್ಯಾಲಯದ ಕೆಲಸ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ದಕ್ಷಿಣ ಕನ್ನಡವು ಮದರಾಸಿಗೆ ಸೇರಿದ್ದುದರಿಂದ, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಗಣಿತ ಓದಿದ ಕನ್ನಡಿಗ ವಿದ್ಯಾರ್ಥಿಯೂ ಮದರಾಸಿನ ಪ್ರಶ್ನೆಪತ್ರಿಕೆಗೇ ಉತ್ತರ ಬರೆಯಬೇಕಾಗಿತ್ತು. ತನಗೆ ಪಾಠ ಹೇಳಿದವರ ವಿಷಯದಲ್ಲಿ ವಿದ್ಯಾರ್ಥಿಯ ಅಭಿಪ್ರಾಯವೇನೆಂದು ಕೇಳುವ ಪದ್ಧತಿ ಆ ವ್ಯವಸ್ಥೆಯ ಅಂಗವಾಗಿರಲಿಲ್ಲ. ನೂರಕ್ಕೆ ಎಷ್ಟು ಮಂದಿ ತೇರ್ಗಡೆಯಾದರು ಎಂಬ ಲೆಕ್ಕವೇ ಅಧ್ಯಾಪಕರಿಗೂ ಕಾಲೇಜಿಗೂ ಕೀರ್ತಿಯನ್ನೋ ಅಪಕೀರ್ತಿಯನ್ನೋ ತರುತ್ತಿತ್ತು.

ಈ ಲೆಕ್ಕ ಇಂದಿಗೂ ಅಳಿದಿಲ್ಲ. 1978ರಲ್ಲಿ ಸ್ಥಾಪಿತವಾದ ಅಣ್ಣಾ ವಿಶ್ವವಿದ್ಯಾಲಯಕ್ಕೆ ಸೇರಿದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ, 2021ರ ನಿಯಮಾವಳಿಯಂತೆ, ಮೊದಲ ಸೆಮಿಸ್ಟರಿನಲ್ಲಿಯೇ ‘ಮ್ಯಾಟ್ರಿಸಸ್ ಅಂಡ್ ಕ್ಯಾಲ್ಕುಲಸ್’ ಎಂಬ ವಿಷಯವಿತ್ತು. ಇಂತಹ ವಿಷಯಗಳ ಅಂತಿಮ ಪರೀಕ್ಷೆಯನ್ನು ವಿಶ್ವವಿದ್ಯಾಲಯವೇ ನಡೆಸುತ್ತದೆ. ಎಲ್ಲರಿಗೂ ಒಂದೇ ಪರೀಕ್ಷೆಯಾದುದರಿಂದ ಫಲಿತಾಂಶವು ಬೋಧನೆಗೆ ಹಿಡಿದ ನಿಷ್ಪಕ್ಷಪಾತವಾದ ಕನ್ನಡಿಯೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಹೆಚ್ಚು ಅಂಕ ಪಡೆದ ವಿದ್ಯಾರ್ಥಿಗಳು ಹೆಸರಾದ ಕಾಲೇಜುಗಳನ್ನೇ ಆರಿಸಿಕೊಳ್ಳುತ್ತಾರೆ. ಉಳಿದವರು ಉಳಿದ ಕಾಲೇಜುಗಳಿಗೆ ಹೋಗುತ್ತಾರೆ. ಹೀಗಾಗಿ ಎರಡು ಕಾಲೇಜುಗಳ ಫಲಿತಾಂಶದಲ್ಲಿ ಕಾಣುವ ಅಂತರದಲ್ಲಿ ಬೋಧನೆಯ ಪಾಲೆಷ್ಟು, ಒಳಗೆ ಬಂದವರ ಪೂರ್ವಸಿದ್ಧತೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ವಿದ್ಯಾರ್ಥಿಗಳ ಅಭಿಪ್ರಾಯವನ್ನೇ ಕೇಳುವ ಪದ್ಧತಿ ಅಮೆರಿಕದಲ್ಲಿ 1920ರ ದಶಕದಲ್ಲಿ ರೂಪುಗೊಂಡಿತು. ಪರ್ಡ್ಯೂ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಹರ್ಮನ್ ರೆಮ್ಮರ್ಸ್ ಎಂಬವರು 1927ರಲ್ಲಿ ಸಿದ್ಧಪಡಿಸಿದ ಮಾಪಕವು ಇದರ ಆರಂಭದ ಮಾದರಿಗಳಲ್ಲಿ ಮುಖ್ಯವಾದುದು. ಭಾರತದಲ್ಲಿ 1994ರಲ್ಲಿ ಸ್ಥಾಪಿತವಾಗಿ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡ ‘ನ್ಯಾಕ್’ ಸಂಸ್ಥೆಯು ಕಾಲೇಜುಗಳ ಮೌಲ್ಯಮಾಪನದಲ್ಲಿ ವಿದ್ಯಾರ್ಥಿಗಳ ಅಭಿಪ್ರಾಯಕ್ಕೂ ಸ್ಥಾನ ಕೊಟ್ಟಿತು. 2017ರ ಪರಿಷ್ಕೃತ ಕ್ರಮದಲ್ಲಿ ವಿದ್ಯಾರ್ಥಿಗಳ ಸಂತೃಪ್ತಿಯ ಸಮೀಕ್ಷೆಯನ್ನೇ ಒಂದು ಅಂಗವಾಗಿ ಸೇರಿಸಿತು. ಅಧ್ಯಾಪಕರೇ ಪ್ರಶ್ನೆ ಕೇಳಿ ಅಧ್ಯಾಪಕರೇ ಅಂಕ ಕೊಡುವ ಐ.ಐ.ಟಿ.ಯಂತಹ ಸಂಸ್ಥೆಗಳಲ್ಲಿ ಈ ಪದ್ಧತಿಗೆ ಇನ್ನೊಂದು ಸಮರ್ಥನೆಯೂ ಉಂಟು. ಅಲ್ಲಿ ಹೊರಗಿನ ಪರೀಕ್ಷಕನಿಲ್ಲ. ತರಗತಿಯ ಒಳಗೆ ನಡೆದುದಕ್ಕೆ ವಿದ್ಯಾರ್ಥಿಯ ಹೊರತು ಬೇರೆ ಸಾಕ್ಷಿಯಿಲ್ಲ.

ಸಾಕ್ಷಿಯ ಮಾತನ್ನು ಅವನು ಕಂಡುದರ ಮಟ್ಟಿಗೆ ನಂಬಬಹುದು. ಹಲಗೆಯ ಮೇಲಿನ ಬರಹ ಹಿಂದಿನ ಬೆಂಚಿಗೆ ಕಾಣಿಸಿತೇ, ಪಾಠದ ವೇಗ ಅತಿಯಾಯಿತೇ, ಉತ್ತರಪತ್ರಿಕೆಗಳು ಸಕಾಲದಲ್ಲಿ ಹಿಂದಿರುಗಿದುವೇ, ಪ್ರಶ್ನೆ ಕೇಳಿದವನನ್ನು ಹೀಯಾಳಿಸಲಾಯಿತೇ ಎಂಬ ವಿಷಯಗಳಲ್ಲಿ ವಿದ್ಯಾರ್ಥಿಯ ಮಾತೇ ಪ್ರಮಾಣ. ಆದರೆ ಪಠ್ಯಭಾಗಗಳ ಆಯ್ಕೆ ಸರಿಯೇ, ಮುಂದೆ ಬೇಕಾಗುವ ತಿಳಿವಳಿಕೆ ದೊರೆಯಿತೇ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದರೆ ಆ ಮುಂದಿನದನ್ನು ಅವನು ಕಂಡಿರಬೇಕು. ಸೆಮಿಸ್ಟರಿನ ಕೊನೆಯ ವಾರದಲ್ಲಿ ಅವನು ಅದನ್ನು ಕಂಡಿರುವುದಿಲ್ಲ.

ಒಂದು ಸರಳವಾದ ನಿದರ್ಶನದಿಂದ ಇದು ಸ್ಪಷ್ಟವಾಗುತ್ತದೆ. ವೃತ್ತದ ತ್ರಿಜ್ಯದ ವರ್ಗವನ್ನು ಪೈಯಿಂದ ಗುಣಿಸಿದರೆ ಅದರ ಕ್ಷೇತ್ರಫಲ ದೊರೆಯುತ್ತದೆ. ಇದನ್ನು ತ್ರಿಜ್ಯಕ್ಕೆ ಸಂಬಂಧಿಸಿದಂತೆ ಅವಕಲನ ಮಾಡಿದರೆ ತ್ರಿಜ್ಯದ ಎರಡರಷ್ಟನ್ನು ಪೈಯಿಂದ ಗುಣಿಸಿದ ಫಲ ಬರುತ್ತದೆ. ನಿಯಮವನ್ನು ಬಾಯಿಪಾಠ ಮಾಡಿದವನು ಇದನ್ನು ಒಂದೇ ಸಾಲಿನಲ್ಲಿ ಬರೆದು ಪೂರ್ಣ ಅಂಕ ಪಡೆಯುತ್ತಾನೆ. ಬಂದ ಫಲವು ಅದೇ ವೃತ್ತದ ಪರಿಧಿಯಾಗಿರುವುದೇಕೆ ಎಂದು ಕೇಳಿದರೆ ಅವನಲ್ಲಿ ಉತ್ತರವಿಲ್ಲ. ತ್ರಿಜ್ಯವನ್ನು ಅತ್ಯಲ್ಪವಾಗಿ ಹೆಚ್ಚಿಸಿದಾಗ ವೃತ್ತದ ಸುತ್ತ ತೆಳುವಾದ ಒಂದು ಬಳೆ ಕೂಡಿಕೊಳ್ಳುತ್ತದೆ. ಆ ಬಳೆಯನ್ನು ಕತ್ತರಿಸಿ ನೀಳವಾಗಿ ಚಾಚಿದರೆ ಅದರ ಉದ್ದ ಸರಿಸುಮಾರು ಪರಿಧಿಯಷ್ಟೇ. ಬಳೆಯ ದಪ್ಪ ಶೂನ್ಯದ ಕಡೆಗೆ ಸಾಗಿದಂತೆ ಈ ‘ಸರಿಸುಮಾರು’ ಎಂಬುದು ನಿಖರವಾಗುತ್ತದೆ. ಇಷ್ಟನ್ನು ಕಂಡವನಿಗೆ ‘ಲಿಮಿಟ್’ ಎಂಬ ಕಲ್ಪನೆ ಕೈವಶವಾಯಿತು. ಅವನು ಗೋಳದ ಘನಫಲದಿಂದ ಅದರ ಮೇಲ್ಮೈಯನ್ನು ತಾನೇ ಊಹಿಸಬಲ್ಲನು. ಮುಂದೆ ಉಷ್ಣಪ್ರವಾಹದ ಸಮೀಕರಣ ಬಂದಾಗ ಬೆದರಲಾರನು. ಆದರೆ ಇದನ್ನು ಕಲಿಸಲು ಒಂದು ಗಂಟೆ ಬೇಕು. ಆ ಗಂಟೆಯಲ್ಲಿ ವಿದ್ಯಾರ್ಥಿಗೆ ಗೊಂದಲವಾಗುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಾರದೆಯೂ ಇರಬಹುದು. ಅದೇ ಒಂದು ಗಂಟೆಯಲ್ಲಿ ಹತ್ತು ಹಳೆಯ ಪ್ರಶ್ನೆಗಳನ್ನು ಬಿಡಿಸಿ ತೋರಿಸಿದವರಿಗೆ ಕೊನೆಯ ವಾರದ ಪ್ರಶ್ನಾವಳಿಯಲ್ಲಿ ಹೆಚ್ಚಿನ ಅಂಕ ಬಂದರೆ ಆಶ್ಚರ್ಯವಿಲ್ಲ.

ಇದು ಕೇವಲ ತರ್ಕವಲ್ಲ. ಅಮೆರಿಕದ ಕೊಲರಾಡೋ ರಾಜ್ಯದಲ್ಲಿರುವ ವಾಯುಪಡೆಯ ಅಕಾಡೆಮಿಯಲ್ಲಿ ವಿದ್ಯಾರ್ಥಿಗಳು ತಮ್ಮ ಅಧ್ಯಾಪಕರನ್ನು ಆರಿಸಿಕೊಳ್ಳುವಂತಿಲ್ಲ. ಅವರನ್ನು ತರಗತಿಗಳಿಗೆ ಯಾದೃಚ್ಛಿಕವಾಗಿ ಹಂಚುತ್ತಾರೆ. ಪಠ್ಯಕ್ರಮ ಒಂದೇ, ಪರೀಕ್ಷೆಯೂ ಒಂದೇ. ಮುಂದಿನ ಗಣಿತ ಮತ್ತು ಇಂಜಿನಿಯರಿಂಗ್ ಪಾಠಗಳು ಎಲ್ಲರಿಗೂ ಕಡ್ಡಾಯ. ಚೆನ್ನೈಯ ಕಾಲೇಜುಗಳ ಫಲಿತಾಂಶದಲ್ಲಿ ಬೇರ್ಪಡಿಸಲಾಗದ ಎರಡು ಕಾರಣಗಳು ಇಲ್ಲಿ ತಾವಾಗಿಯೇ ಬೇರೆಯಾಗಿವೆ. ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಇಲ್ಲಿನ ಹತ್ತು ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳ ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಮೊದಲ ಕಲನಶಾಸ್ತ್ರದ ಪಾಠದಲ್ಲಿ ಯಾವ ಅಧ್ಯಾಪಕರ ವಿದ್ಯಾರ್ಥಿಗಳು ಆ ಪರೀಕ್ಷೆಯಲ್ಲಿಯೇ ಹೆಚ್ಚು ಅಂಕ ಪಡೆದರೋ, ಆ ಅಧ್ಯಾಪಕರಿಗೆ ವಿದ್ಯಾರ್ಥಿಗಳಿಂದ ಒಳ್ಳೆಯ ಅಭಿಪ್ರಾಯವೂ ದೊರೆಯುತ್ತಿತ್ತು. ಆದರೆ ಮುಂದಿನ ಪಾಠಗಳಲ್ಲಿ ಹೆಚ್ಚು ಸಾಧಿಸಿದವರು ಇವರ ವಿದ್ಯಾರ್ಥಿಗಳಲ್ಲ. ಅನುಭವವೂ ಉನ್ನತ ಪದವಿಯೂ ಹೆಚ್ಚಾಗಿದ್ದ, ಆದರೆ ಅಭಿಪ್ರಾಯದಲ್ಲಿ ಕಡಮೆ ಅಂಕ ಪಡೆದ ಅಧ್ಯಾಪಕರ ಕೈಯಲ್ಲಿ ಕಲಿತವರು. ಅನುಭವಿಗಳು ಪಠ್ಯದ ಹೊರವಲಯಕ್ಕೂ ಹೋಗಿ ತಳಹದಿಯನ್ನು ಭದ್ರಪಡಿಸುತ್ತಿದ್ದಿರಬಹುದು ಎಂಬುದು ಇದಕ್ಕೆ ಅವರು ಸೂಚಿಸಿದ ಕಾರಣಗಳಲ್ಲಿ ಒಂದು.

ಕಲಿತೆವೆಂಬ ಭಾವನೆಗೂ ಕಲಿತುದಕ್ಕೂ ಇರುವ ಅಂತರವು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನ ತರಗತಿಗಳಿಂದಲೂ 2019ರಲ್ಲಿ ವ್ಯಕ್ತವಾಯಿತು. ತಾವೇ ಲೆಕ್ಕಗಳೊಡನೆ ಹೆಣಗಿದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಮುಂದಿದ್ದರೂ, ನಿರರ್ಗಳವಾದ ಉಪನ್ಯಾಸವನ್ನು ಕೇಳಿದವರೇ ತಾವು ಹೆಚ್ಚು ಕಲಿತೆವೆಂದು ತಿಳಿದಿದ್ದರು. ಇನ್ನು ಅಧ್ಯಾಪಕರು ಸ್ತ್ರೀಯೋ ಪುರುಷರೋ ಎಂಬುದರ ಮೇಲೆ ಅಂಕಿಗಳು ವ್ಯತ್ಯಾಸವಾಗುವುದನ್ನೂ ಬೇರೆ ಬೇರೆ ಸಂಶೋಧನೆಗಳು ತೋರಿಸಿವೆ. ಕೆನಡಾದ ಟೊರಾಂಟೋ ನಗರದಲ್ಲಿ, ಅಂದು ರೈಯರ್ಸನ್ ಎಂದು ಹೆಸರಿದ್ದ ವಿಶ್ವವಿದ್ಯಾಲಯದ ಅಧ್ಯಾಪಕರ ವ್ಯಾಜ್ಯದಲ್ಲಿ, ಬಡ್ತಿ ಮತ್ತು ಖಾಯಂ ನೇಮಕದ ನಿರ್ಧಾರಕ್ಕಾಗಿ ಬೋಧನೆಯ ಪರಿಣಾಮವನ್ನು ಈ ಅಂಕಿಗಳಿಂದ ಅಳೆಯಕೂಡದೆಂದು 2018ರಲ್ಲಿ ಪಂಚಾಯ್ತಿ ತೀರ್ಪು ಬಂದುದಕ್ಕೆ ಇಂತಹ ಸಾಕ್ಷ್ಯಗಳೇ ಆಧಾರ.

ಸರಾಸರಿಯ ಲೆಕ್ಕದಲ್ಲಿಯೂ ಒಂದು ದೋಷವುಂಟು. ಇಪ್ಪತ್ತು ಮಂದಿಯೂ ಮೂರು ಅಂಕ ಕೊಟ್ಟರೆ ಸರಾಸರಿ ಮೂರು. ಹತ್ತು ಮಂದಿ ಐದನ್ನೂ ಹತ್ತು ಮಂದಿ ಒಂದನ್ನೂ ಕೊಟ್ಟರೆ ಆಗಲೂ ಸರಾಸರಿ ಮೂರೇ. ಮೊದಲನೆಯದು ಸಾಧಾರಣವಾದ ತರಗತಿ. ಎರಡನೆಯದರಲ್ಲಿ ಅರ್ಧದಷ್ಟು ಮಂದಿಗೆ ಪಾಠ ತಲಪಿಲ್ಲ. ಅವರು ಯಾರೆಂಬುದೇ ಅಲ್ಲಿ ಮುಖ್ಯವಾದ ಪ್ರಶ್ನೆ. ಹನ್ನೆರಡನೆಯ ತರಗತಿಯವರೆಗೆ ತಮಿಳಿನಲ್ಲಿ ಗಣಿತ ಕಲಿತು ಒಮ್ಮೆಗೇ ಇಂಗ್ಲಿಷಿನ ಉಪನ್ಯಾಸದ ಮುಂದೆ ಕುಳಿತವರು ಅವರಾಗಿರಬಹುದು. ಹೊಸೂರು, ತಾಳವಾಡಿಗಳ ಕಡೆಯಿಂದ ಬಂದ, ಕನ್ನಡ ಮನೆಮಾತಿನವರೂ ಆಗಿರಬಹುದು. ಇಂತಹ ವಿದ್ಯಾರ್ಥಿ ತರಗತಿಯಲ್ಲಿ ಎದ್ದುನಿಂತು ಪ್ರಶ್ನೆ ಕೇಳುವುದು ಅಪೂರ್ವ. ಹೆಸರು ಬರೆಯಬೇಕಿಲ್ಲದ ಈ ಪ್ರಶ್ನಾವಳಿಯೇ ಅವನಿಗೆ ದೊರೆತ ನಾಲಗೆ. ಅದರ ಅಂಕಿಗಳು ದೋಷಯುಕ್ತವೆಂದು ಪದ್ಧತಿಯನ್ನೇ ಕೈಬಿಟ್ಟರೆ ಎಲ್ಲರಿಗಿಂತ ಹೆಚ್ಚು ನಷ್ಟವಾಗುವುದು ಅವನಿಗೇ. ಅವನು ತನ್ನ ಮಾತಿನಲ್ಲಿ ಬರೆದ ನಾಲ್ಕು ಸಾಲುಗಳಿಗೆ ಇರುವ ಬೆಲೆ ಅವನು ಗುರುತು ಹಾಕಿದ ಅಂಕಿಗೆ ಇಲ್ಲ.

ಗುರುವಿನ ಬೋಧನೆಯ ಫಲ ಎಷ್ಟು ತಡವಾಗಿ ಕಾಣಬಹುದೆಂಬುದಕ್ಕೆ ಚೆನ್ನೈಯ ಚರಿತ್ರೆಯಲ್ಲಿಯೇ ಒಂದು ಉದಾಹರಣೆಯಿದೆ. 1937ರಲ್ಲಿ ಫ್ರಾನ್ಸಿನಿಂದ ಭಾರತಕ್ಕೆ ಬಂದ ಫಾದರ್ ಷಾರ್ಲ್ ರಾಸೀನ್ ಅವರು ಲೊಯೋಲಾ ಕಾಲೇಜಿನಲ್ಲಿ ಬಹುಕಾಲ ಗಣಿತವನ್ನು ಬೋಧಿಸಿದರು. ಪರೀಕ್ಷೆಯ ಪಠ್ಯದಲ್ಲಿ ಇಲ್ಲದಿದ್ದ ಆಧುನಿಕ ಗಣಿತದ ಕಡೆಗೆ ವಿದ್ಯಾರ್ಥಿಗಳ ಮನಸ್ಸನ್ನು ತಿರುಗಿಸಿದವರು ಅವರು. ಅವರ ವಿದ್ಯಾರ್ಥಿಗಳಾದ ಎಂ. ಎಸ್. ನರಸಿಂಹನ್ ಮತ್ತು ಸಿ. ಎಸ್. ಶೇಷಾದ್ರಿಯವರು 1953ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದರು. ಅವರಿಬ್ಬರ ಹೆಸರಿನಿಂದ ಪ್ರಸಿದ್ಧವಾದ ಪ್ರಮೇಯ 1965ರಲ್ಲಿ ಪ್ರಕಟವಾಯಿತು. ಶೇಷಾದ್ರಿಯವರು ಮುಂದೆ ಚೆನ್ನೈ ಗಣಿತ ಸಂಸ್ಥೆಯನ್ನು ಕಟ್ಟಿದರು. ನರಸಿಂಹನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಲೊಯೋಲಾ ತರಗತಿಯಲ್ಲಿ ಬಿತ್ತಿದುದರ ಲೆಕ್ಕ ಯಾವ ಸೆಮಿಸ್ಟರಿನ ಕೊನೆಯ ವಾರದಲ್ಲಿಯೂ ಸಿಗುವಂತಿರಲಿಲ್ಲ.

ಇವೆಲ್ಲವನ್ನೂ ಒಟ್ಟಾಗಿ ನೋಡಿದರೆ ಅನುಸರಿಸಬಹುದಾದ ಮಾರ್ಗ ತೋರುತ್ತದೆ. ಮೊದಲನೆಯದಾಗಿ, ಅಭಿಪ್ರಾಯವನ್ನು ಸೆಮಿಸ್ಟರಿನ ನಾಲ್ಕನೆಯ ಐದನೆಯ ವಾರದಲ್ಲಿಯೇ ಕೇಳಬೇಕು. ಕೊನೆಯ ವಾರದಲ್ಲಿ ಬರೆದ ದೂರಿನಿಂದ ಬರೆದವನಿಗೆ ಪ್ರಯೋಜನವಿಲ್ಲ. ಎರಡನೆಯದಾಗಿ, ವಿದ್ಯಾರ್ಥಿ ಪ್ರತ್ಯಕ್ಷ ಕಂಡ ಸಂಗತಿಗಳನ್ನು ಮಾತ್ರ ಕೇಳಬೇಕು, ಉತ್ತರವನ್ನು ಅವನ ಮನೆಮಾತಿನಲ್ಲಿಯೂ ಬರೆಯಲು ಅವಕಾಶವಿರಬೇಕು. ಮೂರನೆಯದಾಗಿ, ಅದೇ ವಿದ್ಯಾರ್ಥಿಗಳನ್ನು ಎರಡು ವರ್ಷಗಳ ಅನಂತರ ಮತ್ತೊಮ್ಮೆ ಕೇಳಬೇಕು. ಅಣ್ಣಾ ವಿಶ್ವವಿದ್ಯಾಲಯದ ಹಲವು ಶಾಖೆಗಳಲ್ಲಿ, 2021ರ ನಿಯಮಾವಳಿಯಂತೆ, ಮೂರನೆಯ ಸೆಮಿಸ್ಟರಿಗೆ ಪಾರ್ಷಿಯಲ್ ಡಿಫರೆನ್ಷಿಯಲ್ ಸಮೀಕರಣಗಳ ಪಾಠವಿತ್ತು. ಮೊದಲ ಸೆಮಿಸ್ಟರಿನ ಕಲನಶಾಸ್ತ್ರವನ್ನು ಯಾರಿಂದ ಕಲಿತವರು ಅಲ್ಲಿ ಹೇಗೆ ನಡೆದುಕೊಂಡರು ಎಂಬುದನ್ನು ಒಂದೇ ಕಾಲೇಜಿನ ಒಳಗೆ, ಪ್ರವೇಶಾಂಕಗಳನ್ನೂ ಗಮನದಲ್ಲಿಟ್ಟುಕೊಂಡು, ಹೋಲಿಸಿ ನೋಡುವುದು ದೊಡ್ಡ ಶ್ರಮವೇನೂ ಅಲ್ಲ. ಈ ಮೂರು ಬಗೆಯ ಸಾಕ್ಷ್ಯಗಳು ಕೂಡಿಬಂದ ಮೇಲೆ ಅಧ್ಯಾಪಕರ ಕೆಲಸದ ಕುರಿತು ತೀರ್ಮಾನ ಮಾಡುವುದು ನ್ಯಾಯ. ಅಲ್ಲಿಯತನಕ ಕೊನೆಯ ವಾರದ ಸರಾಸರಿಯನ್ನು ಅಧ್ಯಾಪಕರ ಕೈಗೆ ಕೊಟ್ಟು ಅವರ ಪಾಠವನ್ನು ತಿದ್ದಿಕೊಳ್ಳಲು ಬಳಸಬಹುದೇ ಹೊರತು, ಅವರ ಅನ್ನದ ಪ್ರಶ್ನೆಯನ್ನು ಅದರಿಂದ ತೀರ್ಮಾನಿಸುವುದು ಸಾಧುವಲ್ಲ.