ರಾಕೆಟ್ಟಿಗೆ ಮೊದಲು ನೀರು

ಭಟ್ಕಳದ ತೆಂಗಿನಗುಂಡಿ ಬಂದರಿನಲ್ಲಿ ಬೋಟು ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್ ಕೈ ಮೊದಲು ಹೋಗುವುದು ಡೀಸೆಲ್ ಪೈಪಿಗೆ. ಪೈಪಿನಲ್ಲಿ ಗಾಳಿ ಸೇರಿದ್ದರೆ, ನಾಝಲ್ ಕಟ್ಟಿದ್ದರೆ ಎಂಥ ಎಂಜಿನ್ನೂ ಏಳುವುದಿಲ್ಲ. ದ್ರವ ಇಂಧನದ ರಾಕೆಟ್ ಕಟ್ಟಹೊರಟ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಇದೇ ತಲೆನೋವು. ಇಲ್ಲಿ ಲೆಕ್ಕ ತಪ್ಪಿದರೆ ಎಂಜಿನ್ ಸಿಡಿಯುತ್ತದೆ, ಅಷ್ಟೇ ವ್ಯತ್ಯಾಸ.

ನಮ್ಮ ಕರಾವಳಿಯ ಮಣಿಪಾಲದಲ್ಲೇ ‘ಥ್ರಸ್ಟ್‌ಎಂಐಟಿ’ ಎಂಬ ವಿದ್ಯಾರ್ಥಿ ತಂಡವಿದೆ. ತಾವೇ ಕಟ್ಟಿದ ರಾಕೆಟ್ಟಿನೊಂದಿಗೆ ಅಮೆರಿಕದ ನ್ಯೂ ಮೆಕ್ಸಿಕೋದ ಅಂತರ ಕಾಲೇಜು ಸ್ಪರ್ಧೆಗೆ ಹೋಗಿಬಂದ ಹುಡುಗ ಹುಡುಗಿಯರು ಇವರು. ಇಂಥ ತಂಡಗಳು ಸಾಮಾನ್ಯವಾಗಿ ಘನ ಇಂಧನದಿಂದ ಶುರುಮಾಡುತ್ತವೆ. ಅದನ್ನು ಒಮ್ಮೆ ಹೊತ್ತಿಸಿದರೆ ಉರಿದು ಮುಗಿಯುವ ತನಕ ತಡೆಯುವಂತಿಲ್ಲ. ದ್ರವ ಇಂಧನಕ್ಕಾದರೆ ವಾಲ್ವ್ ಇದೆ. ಉರಿಯನ್ನು ಹೆಚ್ಚು ಕಡಿಮೆ ಮಾಡಬಹುದು, ನಿಲ್ಲಿಸಲೂಬಹುದು. 1926ರ ಮಾರ್ಚ್ 16ರಂದು ಪ್ರಾಧ್ಯಾಪಕ ರಾಬರ್ಟ್ ಗೊಡಾರ್ಡ್ ಪೆಟ್ರೋಲು, ದ್ರವ ಆಮ್ಲಜನಕ ಬಳಸಿ ಹಾರಿಸಿದ ಮೊದಲ ದ್ರವ ಇಂಧನ ರಾಕೆಟ್ 41 ಅಡಿ ಏರಿ, ಎರಡೂವರೆ ಸೆಕೆಂಡಿನಲ್ಲಿ ನೆಲಕ್ಕೆ ಬಿತ್ತು.

ಕಷ್ಟವೆಲ್ಲ ಇಂಜೆಕ್ಟರ್ ಎಂಬ ಲೋಹದ ಬಿಲ್ಲೆಯಲ್ಲಿದೆ. ಅದರ ಸಣ್ಣ ಸಣ್ಣ ತೂತುಗಳಿಂದ ಒಂದೆಡೆ ಸೀಮೆಎಣ್ಣೆ, ಇನ್ನೊಂದೆಡೆ ಮೈನಸ್ 183 ಡಿಗ್ರಿಯ ದ್ರವ ಆಮ್ಲಜನಕ ಚಿಮ್ಮಿ, ಒಂದಕ್ಕೊಂದು ಬಡಿದು, ಮಂಜಿನಂತೆ ಒಡೆಯಬೇಕು. ಡ್ರಿಲ್ ಮಾಡಿದ ತೂತಿನ ಅಂಚಿನಲ್ಲಿ ಲೋಹದ ಒಂದು ಸಿಬಿರು ಉಳಿದರೂ ಧಾರೆ ಓರೆಯಾಗುತ್ತದೆ; ಓರೆಯಾದ ಉರಿ ಗೋಡೆಗೆ ತಾಗುತ್ತದೆ. ಒಳಗಿನ ಬಿಸಿ 3,000 ಡಿಗ್ರಿ ಮೀರುತ್ತದೆ, ತಾಮ್ರವಾದರೋ 1,085 ಡಿಗ್ರಿಗೇ ಕರಗುತ್ತದೆ. ಅದಕ್ಕೇ ಎಷ್ಟೋ ಎಂಜಿನ್‌ಗಳಲ್ಲಿ ಸೀಮೆಎಣ್ಣೆಯನ್ನು ಮೊದಲು ಗೋಡೆಯೊಳಗಿನ ಕಾಲುವೆಗಳಲ್ಲಿ ಹರಿಸಿ, ಗೋಡೆಯನ್ನು ತಂಪಾಗಿಸಿ, ಆಮೇಲೆ ಉರಿಸುತ್ತಾರೆ. ಉರಿಯಬೇಕಾದ ಎಣ್ಣೆಯೇ ಕಾವಲಿಗೂ ನಿಲ್ಲುವ ಈ ಉಪಾಯ ನನಗೆ ತುಂಬ ಇಷ್ಟ.

ಹಾಗಾಗಿ ಬುದ್ಧಿವಂತ ತಂಡ ಬೆಂಕಿಗೆ ಮೊದಲು ನೀರು ಹರಿಸುತ್ತದೆ. ಒತ್ತಡದಲ್ಲಿ ನೀರು ಬಿಟ್ಟು ಧಾರೆಯ ಚಿತ್ರ ತೆಗೆದು, ಇಷ್ಟು ಹೊತ್ತಿಗೆ ಎಷ್ಟು ನೀರು ಬಂತೆಂದು ತೂಗಿ, ಲೆಕ್ಕಕ್ಕೆ ಹೊಂದದಿದ್ದರೆ ತೂತು ತಿದ್ದುತ್ತದೆ. ಆಮ್ಲಜನಕದ ಪೈಪುಗಳಿಗೆ ಇನ್ನೊಂದು ಶಿಸ್ತು: ಗ್ರೀಸಿನ ಪಸೆಯೂ ಉಳಿಯಬಾರದು, ಅದೇ ಹೊತ್ತಿಕೊಂಡೀತು. ಕಿಡಿ ಹತ್ತಿದ್ದು ಖಾತ್ರಿಯಾದ ಮೇಲಷ್ಟೇ ಮುಖ್ಯ ವಾಲ್ವ್ ಪೂರ್ತಿ ತೆರೆಯಬೇಕು. ಉರಿಯದ ಇಂಧನ ಒಳಗೆ ತುಂಬಿಕೊಂಡು ತಡವಾಗಿ ಕಿಡಿ ಹತ್ತಿದರೆ ಎಂಜಿನ್ ಚೂರಾಗುತ್ತದೆ.

ಕ್ಯಾಂಪಸ್ಸಿನಲ್ಲಿ ಹುಟ್ಟಿದ ಕೆಲಸ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಮದ್ರಾಸ್ ಐಐಟಿಯ ಆಸರೆಯಲ್ಲಿ ಬೆಳೆದ ಅಗ್ನಿಕುಲ್ ಎಂಬ ರಾಕೆಟ್ ಕಂಪನಿ ಸಾಕ್ಷಿ. ಒಂದೇ ತುಂಡಾಗಿ ತ್ರೀಡಿ ಪ್ರಿಂಟ್ ಮಾಡಿದ ಅವರ ಎಂಜಿನ್, ಹಲವು ಬಾರಿ ಉಡಾವಣೆ ಮುಂದೂಡಿದ ಮೇಲೆ, 2024ರ ಮೇ 30ರಂದು ಶ್ರೀಹರಿಕೋಟಾದಿಂದ ಹಾರಿತು.

ಉರಿಸುವ ಹಂತಕ್ಕೆ ಅನುಭವಿಗಳ ಉಸ್ತುವಾರಿ, ಜನವಸತಿಯಿಂದ ದೂರದ ಪರೀಕ್ಷಾ ತಾಣ ಬೇಕೇ ಬೇಕು. ನೀರಿನ ಹಂತಕ್ಕೆ ಲೇತ್, ಪ್ರೆಶರ್ ಗೇಜು, ತಕ್ಕಡಿ, ಸ್ಟಾಪ್‌ವಾಚು ಸಾಕು. ಭಟ್ಕಳದ ಅಂಜುಮನ್ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಈ ವರ್ಷವೇ ಅದನ್ನು ಶುರುಮಾಡಬಹುದು.